ಪಂಚತಾರಾ ಸೆರೆಗೆ ಎಂಥ ಕೋಣೆ ಬೇಕು?

ಕನ್ನಡಿಗರ ಬಾಯಲ್ಲಿ ಹೋಟೆಲು ಎಂದರೆ ಮೊದಲು ನೆನಪಾಗುವುದು ಇಡ್ಲಿ, ವಡೆ, ಬಿಸಿ ಕಾಫಿ. ಉಳಿದುಕೊಳ್ಳುವ ಜಾಗಕ್ಕೆ ಲಾಡ್ಜು ಎಂಬ ಬೇರೆ ಹೆಸರೇ ಇದೆ. ಮದುವೆಗೋ, ಸಂದರ್ಶನಕ್ಕೋ, ಕೋರ್ಟಿನ ಕೆಲಸಕ್ಕೋ ಪರಸ್ಥಳಕ್ಕೆ ಹೋದವರು ಅಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಬಸ್ಸು ಹಿಡಿಯುತ್ತಾರೆ. ಕೋಣೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ‘ಬಿಸಿನೀರು ಬರುತ್ತಿತ್ತು, ಸೊಳ್ಳೆ ಇರಲಿಲ್ಲ’ ಎಂದರೆ ಮುಗಿಯಿತು. ಒಂದು ರಾತ್ರಿಗೆ ಅಷ್ಟು ಸಾಕು.

ಆದರೆ ಅದೇ ಕೋಣೆಯಲ್ಲಿ ಹೊಸ್ತಿಲು ದಾಟದೆ ಹದಿನಾಲ್ಕು ದಿನ ಇರಬೇಕು ಎಂದರೆ? ಐದು ತಿಂಗಳು ಎಂದರೆ? ಆಗ ಎಂಥ ಕೋಣೆಯನ್ನು ಆರಿಸಿಕೊಳ್ಳಬೇಕು?

ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. 2020ರ ಮೇ ತಿಂಗಳಿನಲ್ಲಿ ಲಂಡನ್ನಿನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕರ ಮುಂದೆ ಇದೇ ಪ್ರಶ್ನೆ ಇತ್ತು. ಕೊರೊನಾ ಹರಡದಿರಲೆಂದು ಹೊರದೇಶದಿಂದ ಬಂದವರು ನೇರವಾಗಿ ಮನೆಗೆ ಹೋಗುವಂತಿರಲಿಲ್ಲ; ಹೋಟೆಲಿನಲ್ಲಿ ಪ್ರತ್ಯೇಕವಾಗಿ ಇರಬೇಕಿತ್ತು. ಸಾಧಾರಣ ಹೋಟೆಲಿನಿಂದ ಪಂಚತಾರಾ ಹೋಟೆಲಿನವರೆಗೆ ದರ್ಜೆಗಳಿದ್ದವು, ಖರ್ಚು ಅವರವರದೇ. ಇಂಥ ಹೊತ್ತಿನಲ್ಲಿ ಕೈಯಲ್ಲಿ ಹಣ ಇದ್ದವರ ಬೆರಳು ಐದು ತಾರೆಗಳ ಕಡೆಗೆ ಹೋಗುವುದು ಸಹಜ. ಸೆರೆಯೇ ಆದರೂ ಸುಖದ ಸೆರೆಯಾಗಲಿ ಎಂಬ ಲೆಕ್ಕ. ಆ ಲೆಕ್ಕ ಎಷ್ಟು ಸರಿ?

ನಿದ್ದೆಗೆಂದೇ ಕಟ್ಟಿದ ಕೋಣೆ

ಐಷಾರಾಮಿ ಹೋಟೆಲಿನ ಕೋಣೆಯನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. ಅರ್ಧ ಜಾಗವನ್ನು ಮಂಚವೇ ನುಂಗಿರುತ್ತದೆ. ಹಗಲನ್ನೂ ರಾತ್ರಿ ಮಾಡಬಲ್ಲ ದಪ್ಪ ಪರದೆ. ಕಣ್ಣಿಗೆ ತಂಪೆನಿಸುವ ಮಬ್ಬು ದೀಪ. ಹೆಜ್ಜೆಯ ಸದ್ದು ಕೇಳಿಸದಂತೆ ನೆಲಕ್ಕೆ ಜಮಖಾನ. ಇಡೀ ಕಟ್ಟಡಕ್ಕೆ ಒಂದೇ ಹವಾನಿಯಂತ್ರಣ, ಎತ್ತರದ ಮಹಡಿ; ಆದ್ದರಿಂದ ಕಿಟಕಿಯ ಗಾಜು ತೆರೆಯುವುದಿಲ್ಲ. ಮೇಜು ಒಂದು ಮೂಲೆಯಲ್ಲಿ, ಅದರ ಮೇಲೆ ಟೀವಿ.

ದಣಿದು ಬಂದ ಪ್ರವಾಸಿಗೆ ಇದೆಲ್ಲ ವರ. ಅವನು ಮಲಗುತ್ತಾನೆ, ಏಳುತ್ತಾನೆ, ಹೊರಡುತ್ತಾನೆ. ಆದರೆ ಹೊರಡದೆ ಉಳಿಯಬೇಕಾದವನಿಗೆ ಐದನೆಯ ದಿನದ ಹೊತ್ತಿಗೆ ಒಂದೊಂದು ವರವೂ ತಿರುಗಿ ಬೀಳುತ್ತದೆ. ಪರದೆ ಬೆಳಗನ್ನು ಮರೆಸುತ್ತದೆ. ಮಂಚ ಮಧ್ಯಾಹ್ನವೂ ಕರೆಯುತ್ತದೆ. ಮಬ್ಬು ದೀಪದಲ್ಲಿ ಹತ್ತು ಪುಟ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ನಿಶ್ಶಬ್ದ ಹಿತವಾಗಿದ್ದದ್ದು ಭಾರವಾಗುತ್ತದೆ.

ಇದಕ್ಕೆ ದೇಹಧರ್ಮದ ಕಾರಣವೂ ಇದೆ. ಮನುಷ್ಯನ ಮೈಯೊಳಗೆ ನಿದ್ದೆ, ಎಚ್ಚರ, ಹಸಿವುಗಳನ್ನು ನಡೆಸುವ ಒಂದು ಗಡಿಯಾರವಿದೆ. ಅದು ತಾನಾಗಿ ಕರಾರುವಾಕ್ಕಾಗಿ ನಡೆಯುವುದಿಲ್ಲ. ಕಣ್ಣಿಗೆ ಬೀಳುವ ಬೆಳಕು, ಅದರಲ್ಲೂ ಬೆಳಗಿನ ಬೆಳಕು, ಅದನ್ನು ದಿನದಿನವೂ ಸರಿಪಡಿಸುತ್ತಿರಬೇಕು. ಬೆಳಕು ತಪ್ಪಿದರೆ ನಿದ್ದೆ ಹಿಂದುಮುಂದಾಗುತ್ತದೆ, ಅದರ ಹಿಂದೆಯೇ ಮನಸ್ಸೂ ಮಂಕಾಗುತ್ತದೆ. ಕಾಲಿಗೆ ಕೀಲಿ ಹಾಕಿದರೂ ಸೂರ್ಯನಿಗೆ ಹಾಕಬಾರದು.

ಹೋಟೆಲನ್ನೇ ಕೊಂಡವರು

ಅಮೆರಿಕದ ಹೋವರ್ಡ್ ಹ್ಯೂಸ್ ಅವರಿಗೆ ಹಣದ ಕೊರತೆ ಇರಲಿಲ್ಲ, ಸಾಹಸದ ಕೊರತೆಯೂ ಇರಲಿಲ್ಲ. 1938ರಲ್ಲಿ ನಾಲ್ವರು ಸಂಗಡಿಗರೊಡನೆ ವಿಮಾನದಲ್ಲಿ ಭೂಮಿಯನ್ನು ಸುತ್ತಿ, ನಾಲ್ಕು ದಿನ ತುಂಬುವುದರೊಳಗೆ ನ್ಯೂಯಾರ್ಕಿಗೆ ಮರಳಿ ದಾಖಲೆ ಮಾಡಿದವರು ಅವರು. ಅಂಥವರು 1966ರ ನವೆಂಬರಿನಲ್ಲಿ ಲಾಸ್ ವೇಗಾಸ್ ನಗರದ ಡೆಸರ್ಟ್ ಇನ್ ಹೋಟೆಲಿಗೆ ಬಂದು ಮೇಲಿನ ಎರಡು ಮಹಡಿಗಳನ್ನು ಹಿಡಿದರು. ಜೂಜಾಡುವ ದೊಡ್ಡ ಗಿರಾಕಿಗಳು ಬರುತ್ತಾರೆ, ಜಾಗ ಬಿಟ್ಟುಕೊಡಿ ಎಂದು ಮಾಲೀಕರು ಒತ್ತಾಯಿಸಿದಾಗ ಹ್ಯೂಸ್ ಕೋಣೆ ಬಿಡಲಿಲ್ಲ. 1967ರಲ್ಲಿ ಹೋಟೆಲನ್ನೇ ಕೊಂಡುಕೊಂಡರು!

ಕಥೆ ಕೇಳಿದವರಿಗೆ ನಗು ಬರುತ್ತದೆ. ಮುಂದಿನದು ನಗುವಂಥದ್ದಲ್ಲ. 1970ರ ನವೆಂಬರಿನವರೆಗೆ, ನಾಲ್ಕು ವರ್ಷ, ಅವರು ಆ ಮಹಡಿಯಿಂದ ಹೊರಬರಲಿಲ್ಲ. ಕಿಟಕಿಗಳು ಮುಚ್ಚಿದ್ದವು. ಹೊರಗಿನ ವ್ಯವಹಾರವೆಲ್ಲ ಹಳದಿ ಹಾಳೆಯಲ್ಲಿ ಬರೆದ ಚೀಟಿಗಳಲ್ಲಿ, ಫೋನಿನಲ್ಲಿ. ಲಾಸ್ ವೇಗಾಸಿನಲ್ಲಿ ಅವರ ಪರವಾಗಿ ಕಾರಭಾರ ನಡೆಸುತ್ತಿದ್ದ ರಾಬರ್ಟ್ ಮಹ್ಯೂ ಅವರಿಗೂ ಒಡೆಯರ ಮುಖದರ್ಶನ ಆಗಲಿಲ್ಲ. ಆಮೇಲೆಯೂ ಹ್ಯೂಸ್ ದೇಶದಿಂದ ದೇಶಕ್ಕೆ, ಒಂದು ಹೋಟೆಲಿನ ಮೇಲ್ಮಹಡಿಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇದ್ದರು. 1976ರಲ್ಲಿ, ಚಿಕಿತ್ಸೆಗೆಂದು ವಿಮಾನದಲ್ಲಿ ಕರೆತರುವಾಗ, ಆಕಾಶದಲ್ಲೇ ಪ್ರಾಣ ಹೋಯಿತು.

ಕೋಣೆಯೇ ಅವರನ್ನು ಹಾಗೆ ಮಾಡಿತು ಎನ್ನುವುದು ತಪ್ಪಾಗುತ್ತದೆ. ರೋಗಾಣುಗಳ ವಿಪರೀತ ಭಯ, 1946ರ ವಿಮಾನ ಅಪಘಾತದ ನೋವು, ನೋವಿನ ಔಷಧಿಗಳ ಚಟ ಎಲ್ಲವೂ ಸೇರಿದ್ದವು. ಆದರೆ ಜಗತ್ತಿನಲ್ಲಿ ಕೊಳ್ಳಬಹುದಾದ ಸುಖವೆಲ್ಲ ಕೈಗೆ ಎಟುಕುತ್ತಿದ್ದರೂ, ಪರದೆ ಸರಿಸುವ ಒಂದು ಕೆಲಸ ಹಣದಿಂದ ಆಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ತಣ್ಣನೆಯ ಹೋಟೆಲಿನ ವಿಶ್ವವಿದ್ಯಾಲಯ

ಹ್ಯೂಸ್ ತಾವಾಗಿ ಬಾಗಿಲು ಹಾಕಿಕೊಂಡರು. ಹೊರಗಿನಿಂದ ಬೀಗ ಹಾಕಿಸಿಕೊಂಡವರ ಕಥೆ ಬೇರೆ. 1941ರ ಡಿಸೆಂಬರಿನಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿದಾಗ ಬರ್ಲಿನ್ನಿನಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಸಿಬ್ಬಂದಿ ಮತ್ತು ಪತ್ರಕರ್ತರನ್ನು, ನೂರಕ್ಕೂ ಹೆಚ್ಚು ಜನರನ್ನು, ಬಾಡ್ ನೌಹೈಮ್ ಎಂಬ ಊರಿಗೆ ಸಾಗಿಸಲಾಯಿತು. ಅದು ಬಿಸಿನೀರ ಬುಗ್ಗೆಗಳಿಗೆ ಹೆಸರಾದ, ಹೃದಯರೋಗಿಗಳು ಸ್ನಾನದ ಚಿಕಿತ್ಸೆಗೆ ಬರುತ್ತಿದ್ದ ಊರು. ಅಲ್ಲಿಯ ಗ್ರ್ಯಾಂಡ್ ಹೋಟೆಲೇ ಅವರಿಗೆ ಸೆರೆಮನೆ.

ಹೆಸರು ಗ್ರ್ಯಾಂಡ್ ಆದರೂ, ಯುದ್ಧ ಶುರುವಾದಾಗಿನಿಂದ ಆ ಹೋಟೆಲು ಮುಚ್ಚಿತ್ತು. ಕೊರೆಯುವ ಚಳಿಗಾಲ, ಕೋಣೆ ಬೆಚ್ಚಗಾಗುವ ವ್ಯವಸ್ಥೆ ಕೆಟ್ಟಿತ್ತು. ಊಟ ಅರೆಹೊಟ್ಟೆ. ಬಿಡುಗಡೆ ಯಾವಾಗ ಎಂಬುದು ಯಾರಿಗೂ ತಿಳಿಯದು. ಈ ಗುಂಪನ್ನು ನೋಡಿಕೊಳ್ಳುವ ಹೊಣೆ ಜಾರ್ಜ್ ಕೆನನ್ ಎಂಬ ಅಧಿಕಾರಿಯ ಹೆಗಲಿಗೆ ಬಿತ್ತು. ಮುಂದೆ ಸೋವಿಯತ್ ರಷ್ಯಾದ ಬಗ್ಗೆ ಅಮೆರಿಕದ ನೀತಿಯನ್ನೇ ರೂಪಿಸಿದವರೆಂದು ಪ್ರಸಿದ್ಧರಾದ ಕೆನನ್ ಇವರೇ.

ಸೆರೆಯಾಳುಗಳು ಮಾಡಿದ್ದೇನು? ಒಂದು ‘ವಿಶ್ವವಿದ್ಯಾಲಯ’ ತೆರೆದರು. ಕಟ್ಟಡವಿಲ್ಲ, ಪದವಿಯಿಲ್ಲ, ಶುಲ್ಕವಿಲ್ಲ. ಯಾರಿಗೆ ಯಾವ ವಿಷಯ ಗೊತ್ತೋ ಅವರು ಅದನ್ನು ಉಳಿದವರಿಗೆ ಹೇಳಿಕೊಡುವುದು, ಅಷ್ಟೇ. ಕೆನನ್ ಅವರು ರಷ್ಯಾದ ಇತಿಹಾಸದ ಪಾಠ ಮಾಡಿದರು. ಚಳಿ ಕಳೆದ ಮೇಲೆ, ಕೈಗೆ ಸಿಕ್ಕಿದ್ದರಲ್ಲೇ ಚೆಂಡು ಕಟ್ಟಿ ಬೇಸ್‌ಬಾಲ್ ಆಡಿದರು. ಗೊಣಗಾಟ ಇರಲಿಲ್ಲವೆಂದಲ್ಲ, ಊಟದ ವಿಷಯಕ್ಕೆ ದಿನವೂ ದೂರು. ಆದರೂ 1942ರ ಮೇ ತಿಂಗಳಿನಲ್ಲಿ ಬಿಡುಗಡೆಯಾಗುವವರೆಗೆ, ಸುಮಾರು ಐದು ತಿಂಗಳು, ಬೆಳಿಗ್ಗೆ ಎದ್ದು ಹೋಗಲು ಅವರಿಗೊಂದು ತರಗತಿ ಇತ್ತು.

ಅದೇ ವೇಳೆಗೆ ಅಮೆರಿಕದಲ್ಲಿ ಸಿಕ್ಕಿಬಿದ್ದ ಜರ್ಮನಿಯ ರಾಜತಾಂತ್ರಿಕರನ್ನು ವೆಸ್ಟ್ ವರ್ಜೀನಿಯಾ ರಾಜ್ಯದ ಗ್ರೀನ್‌ಬ್ರಯರ್ ಎಂಬ ಭಾರಿ ಹೋಟೆಲಿನಲ್ಲಿ ಇರಿಸಲಾಗಿತ್ತು. ನಾವು ಅವರನ್ನು ಚೆನ್ನಾಗಿ ನೋಡಿಕೊಂಡರೆ ಅವರು ನಮ್ಮವರನ್ನು ಚೆನ್ನಾಗಿ ನೋಡಿಕೊಂಡಾರು ಎಂಬುದು ಅಮೆರಿಕ ಸರ್ಕಾರದ ಎಣಿಕೆ. ಆದರೆ ಅದೇ 1942ರಲ್ಲಿ, ಅದೇ ದೇಶದಲ್ಲಿ, ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೆಲವರನ್ನು ಮೊದಲ ಕೆಲವು ತಿಂಗಳು ಕುದುರೆ ಪಂದ್ಯದ ಮೈದಾನದ ಲಾಯಗಳಲ್ಲಿ ಇರಿಸಿದರು. ಆ ಶಿಬಿರಗಳಲ್ಲೂ ಮಕ್ಕಳಿಗೆ ಶಾಲೆಗಳು ನಡೆದವು. ಶತ್ರುದೇಶದ ಅಧಿಕಾರಿಗೆ ಮೆತ್ತನೆಯ ಹಾಸಿಗೆ, ಸ್ವಂತ ಪ್ರಜೆಗೆ ಕುದುರೆ ಲಾಯ! ಕೋಣೆ ಆರಿಸಿಕೊಳ್ಳುವ ಅವಕಾಶ ಇರುವುದೇ ಒಂದು ಭಾಗ್ಯ ಎಂಬುದನ್ನು ಈ ಮಾತಿನ ನಡುವೆ ಮರೆಯಬಾರದು.

ಹಾಸಿಗೆಗೆ ಬಡಿದ ಚೆಂಡು

ಮತ್ತೆ ಈಚಿನ ಕಾಲಕ್ಕೆ ಬರೋಣ. 2021ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಟೆನಿಸ್ ಆಡಲು ಮೆಲ್ಬರ್ನ್‌ಗೆ ಬಂದ ಆಟಗಾರರಲ್ಲಿ 72 ಮಂದಿಗೆ ಹದಿನಾಲ್ಕು ದಿನ ಕೋಣೆಯಿಂದ ಹೊರಬರಲು ಅನುಮತಿ ಇರಲಿಲ್ಲ. ಅವರು ಬಂದ ವಿಮಾನಗಳಲ್ಲಿ ಸೋಂಕಿತರು ಇದ್ದುದೇ ಕಾರಣ. ಒಳ್ಳೆಯ ಹೋಟೆಲುಗಳೇ. ಆದರೂ ಕಿಟಕಿ ತೆರೆಯುವುದಿಲ್ಲ, ಗಾಳಿಯಿಲ್ಲ ಎಂಬ ದೂರು ಕೇಳಿಬಂತು. ಕೆಲವರು ಹಾಸಿಗೆಯನ್ನು ಎತ್ತಿ ಗೋಡೆಗೆ ಆನಿಸಿ, ಅದಕ್ಕೇ ಚೆಂಡು ಹೊಡೆದು ಅಭ್ಯಾಸ ಮಾಡಿದರು. ಹೋಟೆಲಿನವರು ಮಲಗಲು ಕೊಟ್ಟ ವಸ್ತುವನ್ನು ಎಚ್ಚರವಾಗಿರಲು ಬಳಸಿಕೊಂಡ ಆಟಗಾರರ ಬುದ್ಧಿ ಮೆಚ್ಚತಕ್ಕದ್ದು.

ಕೋಣೆ ಕೊಡಲಾಗದ್ದೂ ಒಂದಿದೆ. 2020ರ ನವೆಂಬರಿನಲ್ಲಿ ಭಾರತದ ಕ್ರಿಕೆಟ್ ತಂಡ ಸಿಡ್ನಿಯಲ್ಲಿ ಹದಿನಾಲ್ಕು ದಿನಗಳ ನಿರ್ಬಂಧದಲ್ಲಿತ್ತು. ಅಭ್ಯಾಸಕ್ಕೆ ಬಿಡುತ್ತಿದ್ದರು, ಅದು ಬಿಟ್ಟರೆ ಹೋಟೆಲೇ ಗತಿ. ಆಗಲೇ ವೇಗದ ಬೌಲರ್ ಮೊಹಮ್ಮದ್ ಸಿರಾಜ್ ಅವರಿಗೆ ತಂದೆ ತೀರಿಕೊಂಡ ಸುದ್ದಿ ಬಂತು. ಹೈದರಾಬಾದಿನಲ್ಲಿ ಆಟೊ ಓಡಿಸಿ ಮಗನನ್ನು ಬೆಳೆಸಿದ ತಂದೆ. ಮನೆಗೆ ಮರಳಬಹುದೆಂದು ಕ್ರಿಕೆಟ್ ಮಂಡಳಿ ಹೇಳಿದರೂ ಸಿರಾಜ್ ತಂಡದೊಡನೆ ಉಳಿದರು. ಆ ರಾತ್ರಿ ಕೋಣೆಯ ಮಂಚ ಎಷ್ಟು ಮೆತ್ತಗಿದ್ದರೇನು? ಮಗನಿಗೆ ಬೇಕಾಗಿದ್ದದ್ದು ಮನೆಯವರ ಮಡಿಲು. ಎರಡು ತಿಂಗಳ ನಂತರ ಬ್ರಿಸ್ಬೇನಿನಲ್ಲಿ ಐದು ವಿಕೆಟ್ ಪಡೆದು, ಊರಿಗೆ ಬಂದವರೇ ವಿಮಾನ ನಿಲ್ದಾಣದಿಂದ ನೇರವಾಗಿ ತಂದೆಯ ಸಮಾಧಿಗೆ ಹೋದರು.

ಹದಿನಾರು ವರ್ಷದ ಅತಿಥಿ

ಹಾಗಾದರೆ ದೀರ್ಘವಾಸಕ್ಕೆ ಒಗ್ಗುವ ಹೋಟೆಲು ಕೋಣೆ ಇಲ್ಲವೇ ಇಲ್ಲವೇ? ಇದೆ. ರಷ್ಯಾದಲ್ಲಿ ಹುಟ್ಟಿ, ಕ್ರಾಂತಿಯ ನಂತರ ದೇಶ ಬಿಡಬೇಕಾಗಿ ಬಂದ ಕಾದಂಬರಿಕಾರ ವ್ಲಾದಿಮಿರ್ ನಬಕೋವ್ 1961ರಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋ ಪ್ಯಾಲೇಸ್ ಹೋಟೆಲಿಗೆ ಬಂದರು. 1977ರಲ್ಲಿ ಸಾಯುವವರೆಗೂ ಅದೇ ಅವರ ಮನೆ. ಯಾರೂ ಅವರನ್ನು ಕೂಡಿಹಾಕಿರಲಿಲ್ಲ, ನಿಜ. ಆದರೆ ಹದಿನಾರು ವರ್ಷ ಹೋಟೆಲಿನಲ್ಲಿ ಕಳೆಯಲು ಅವರಿಗೆ ನೆರವಾದ ಸಂಗತಿಗಳು ಯಾವ ಸೆರೆಯಾಳಿಗೂ ಉಪಯುಕ್ತ. ಆರನೆಯ ಮಹಡಿ, ಕಣ್ಣೆದುರು ಜಿನೀವಾ ಸರೋವರ. ಬೆಳಿಗ್ಗೆ ನಿಂತೇ ಬರೆಯಲು ಒಂದು ಎತ್ತರದ ಮೇಜು. ಬರೆದದ್ದನ್ನು ಹಿಂದೆ ಮುಂದೆ ಜೋಡಿಸಿಕೊಳ್ಳಲು ಸಣ್ಣ ಕಾರ್ಡುಗಳು. ಜೊತೆಯಲ್ಲಿ ಪತ್ನಿ ವೇರಾ. ಬೇಸಿಗೆಯಲ್ಲಿ ಬಲೆ ಹಿಡಿದು ಬೆಟ್ಟಕ್ಕೆ ಹೋಗಲು ಚಿಟ್ಟೆಗಳ ನೆಪ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಆಯ್ಕೆಯ ಸೂತ್ರ ತಾನಾಗಿ ಹೊಳೆಯುತ್ತದೆ. ಮೊದಲು ಕಿಟಕಿ: ತೆರೆಯುವಂತಿರಬೇಕು, ಪೂರ್ವಕ್ಕಿದ್ದರೆ ಇನ್ನೂ ಒಳ್ಳೆಯದು, ಹೊರಗೆ ಗೋಡೆಯ ಬದಲು ಓಡಾಡುವ ಜನರೋ, ಅಲುಗಾಡುವ ಮರವೋ ಕಾಣಬೇಕು. ಎರಡನೆಯದು ಮೇಜು ಮತ್ತು ಬೆನ್ನು ನೇರ ನಿಲ್ಲಿಸುವ ಕುರ್ಚಿ. ಮೂರನೆಯದು ಬರಿಯ ನೆಲ: ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಬರುವಷ್ಟು. ನಾಲ್ಕನೆಯದು ಮನುಷ್ಯರ ದನಿ: ಪಕ್ಕದ ಕೋಣೆಯದಾದರೂ ಸರಿ, ಫೋನಿನದಾದರೂ ಸರಿ. ಐದನೆಯದು ನಾಳೆ ಬೆಳಿಗ್ಗೆ ಮುಂದುವರಿಸಬೇಕಾದ ಒಂದು ಕೆಲಸ. ಗಮನಿಸಿ, ಸ್ನಾನದ ತೊಟ್ಟಿ, ಅಮೃತಶಿಲೆ, ತೂಗುದೀಪ ಇವು ಈ ಪಟ್ಟಿಯಲ್ಲಿ ಎಲ್ಲೂ ಬರಲಿಲ್ಲ. ಕೊನೆಯ ಎರಡನ್ನು ಯಾವ ಹೋಟೆಲೂ ಬಾಡಿಗೆಗೆ ಕೊಡುವುದಿಲ್ಲ, ಅತಿಥಿಯೇ ತರಬೇಕು.

ಮನೆಯೊಳಗಿನ ಕೋಣೆ

ಪಂಚತಾರಾ ಹೋಟೆಲಿನಲ್ಲಿ ಸೆರೆಯಾಗುವ ಯೋಗ ಎಲ್ಲರಿಗೂ ಬರುವುದಿಲ್ಲ. ಆದರೆ ಕೋಣೆಯೊಳಗೆ ತಿಂಗಳುಗಟ್ಟಲೆ ಕೂರುವ ಯೋಗ ಎರಡನೇ ಪಿಯುಸಿಯ ಹುಡುಗ ಹುಡುಗಿಯರಿಗೆ ತಪ್ಪಿದ್ದಲ್ಲ. ಎಷ್ಟೋ ಮನೆಗಳಲ್ಲಿ ಆ ವರ್ಷ ಮಗುವಿಗೆ ಪ್ರತ್ಯೇಕ ಕೋಣೆ, ಹೊಸ ಮಂಚ, ಸಾಲ ಮಾಡಿಯಾದರೂ ಏರ್ ಕಂಡೀಷನರ್. ಗದ್ದಲ ಬರಬಾರದೆಂದು ಕಿಟಕಿ ಮುಚ್ಚುತ್ತಾರೆ, ಮನಸ್ಸು ಚೆದುರಬಾರದೆಂದು ಬಾಗಿಲು ಹಾಕುತ್ತಾರೆ, ಊಟವನ್ನೂ ಒಳಗೇ ಕಳಿಸುತ್ತಾರೆ. ಪ್ರೀತಿಯಿಂದಲೇ ಮಾಡಿದ್ದು. ಆದರೂ ಇದರಲ್ಲಿ ಬಾಡ್ ನೌಹೈಮಿಗಿಂತ ಡೆಸರ್ಟ್ ಇನ್ನಿನ ಅಂಶವೇ ಹೆಚ್ಚು. ಓದುವ ಮಗುವಿಗೆ ಪುಸ್ತಕದಷ್ಟೇ ಮುಖ್ಯವಾದದ್ದು ರಾತ್ರಿ ಎಲ್ಲರೊಡನೆ ಕೂತು ಉಣ್ಣುವ ಅರ್ಧ ಗಂಟೆ, ಓದಿದ್ದನ್ನು ಗೆಳೆಯನಿಗೆ ಹೇಳಿಕೊಡುವ ಒಂದು ಗಂಟೆ.

ಜೂನ್ ತಿಂಗಳಿನಲ್ಲಿ ಹಾಸ್ಟೆಲು ನೋಡಲು ಹೋಗುವ ತಂದೆತಾಯಂದಿರು ಬಿಸಿನೀರು ಎಷ್ಟು ಗಂಟೆಗೆ, ಊಟಕ್ಕೆ ಏನು ಎಂದು ಕೇಳಲಿ, ತಪ್ಪಿಲ್ಲ. ಅದರ ಜೊತೆಗೆ ಒಂದು ಕೆಲಸ ಮಾಡಬಹುದು. ವಾರ್ಡನ್ನರ ಅನುಮತಿ ಪಡೆದು, ಮಗ ಅಥವಾ ಮಗಳು ಮುಂದೆ ಕೂರಬೇಕಾದ ಕುರ್ಚಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ನೋಡುವುದು. ಬೆಳಕು ಎಲ್ಲಿಂದ ಬರುತ್ತದೆ, ಗಾಳಿ ಆಡುತ್ತದೆಯೇ, ಕಣ್ಣೆತ್ತಿದರೆ ಏನು ಕಾಣುತ್ತದೆ, ಪಕ್ಕದ ಕೋಣೆಯಿಂದ ಯಾರಾದರೂ ಇಣುಕಿ ‘ಯಾವ ಊರು ನಿಮ್ಮದು?’ ಎಂದು ಕೇಳುತ್ತಾರೆಯೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ. ಮುಂಗಡ ಕಟ್ಟುವ ಮಾತು ಆಮೇಲೆ.