ನಂದಿಯ ತಪ್ಪಲಿನ ಚಿಕ್ಕ ಗಾಡಿ

ಸ್ವಂತ ರೈಲುನಿಲ್ದಾಣವಿಲ್ಲದ ಮಂಚೇನಹಳ್ಳಿಯವರು ಒಂದು ಕಾಲಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋದರೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುವ ಚಿಕ್ಕ ಗಾಡಿಯನ್ನೇರಬಹುದಾಗಿತ್ತು. 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಬಂದ ಆ ಹಳಿ, ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳನ್ನು ಹಾದು ಕೋಲಾರದ ಹಳಿಯೊಡನೆ ಕೂಡಿ ಬಂಗಾರಪೇಟೆಯನ್ನು ಮುಟ್ಟಿತು. ನಂದಿಬೆಟ್ಟಕ್ಕೆ ಹೊರಟ ಬೆಂಗಳೂರಿನ ಸಂಸಾರಗಳು ಬುತ್ತಿಯ ಗಂಟಿನೊಡನೆ ನಂದಿ ಹಾಲ್ಟಿನಲ್ಲಿ ಇಳಿಯುತ್ತಿದ್ದವು. ವೇಗವೆ? ವೇಗ ಬೇಕೆಂದವರು ಬಸ್ಸು ಹತ್ತುತ್ತಿದ್ದರು. ಬರಬರುತ್ತ ಹಾಗೆ ಹತ್ತುವವರೇ ಹೆಚ್ಚಾದರು.

1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರದ ನಡುವೆ ಚಿಕ್ಕ ಹಳಿ ಹೋಗಿ ಬ್ರಾಡ್‌ಗೇಜು ಬಂದಿತು. ಅಲ್ಲಿಂದ ಕೋಲಾರದವರೆಗೆ ಆ ದೊಡ್ಡ ಹಳಿ ಸಿದ್ಧವಾದದ್ದು 2013ರಲ್ಲಿ. ಅಷ್ಟರತನಕ ಶಿಡ್ಲಘಟ್ಟ, ಚಿಂತಾಮಣಿಗಳ ಜನ ಹಲವು ವರ್ಷ ರೈಲಿಲ್ಲದೆ ಕಾದರು. ದೊಡ್ಡ ಗಾಡಿ ಬೇಡವೆನ್ನುವವರು ಆ ಊರುಗಳಲ್ಲಿ ಸಿಗಲಾರರು. ಆದರೂ 1999ರಲ್ಲಿ ಡಾರ್ಜಿಲಿಂಗಿನ ಪುಟ್ಟ ರೈಲಿಗೆ ವಿಶ್ವಪರಂಪರೆಯ ಮನ್ನಣೆ ದೊರೆತಾಗ, ಬೆಟ್ಟದ ಬುಡದಲ್ಲಿ ನಾಲ್ಕು ಮೈಲಿ ಹಳಿಯನ್ನಾದರೂ ಪ್ರವಾಸಿಗಳಿಗಾಗಿ ಉಳಿಸಿಕೊಂಡಿದ್ದರೆ ಎಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಉಳಿದುಕೊಂಡದ್ದು ದೊಡ್ಡಜಾಲ, ದೇವನಹಳ್ಳಿ, ಆವತಿ, ನಂದಿ ಹಾಲ್ಟುಗಳ ಹಳೆಯ ನಿಲ್ದಾಣಗಳು. ಪಾಳುಬಿದ್ದಿದ್ದ ಇವುಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆ ಕೈಹಾಕಿತು. ನಂದಿ ಹಾಲ್ಟಿನಲ್ಲಿ ಹಳೆಯ ಕಟ್ಟಡವೇನೋ ಚೆಂದವಾಗಿದೆ. ಎದುರಿನ ಹಳಿಯ ಮೇಲೆ ಹಾದುಹೋಗುವುದು ದೊಡ್ಡ ಗಾಡಿ.