ಹಿತ್ತಲಿನ ಬತ್ತಿಪಾತಿ: ಕಟ್ಟುವುದಕ್ಕಿಂತ ಕಾಪಾಡುವುದು ಮುಖ್ಯ

ಮಳೆಗಾಲದಲ್ಲಿ ಹಿತ್ತಲ ತುಂಬ ಬೆಳೆದ ದಂಟು, ಬದನೆ, ಮೆಣಸಿನ ಗಿಡಗಳು ಶಿವರಾತ್ರಿ ಕಳೆಯುವಷ್ಟರಲ್ಲಿ ಒಣಗಿಹೋಗುವುದು ಬಯಲುಸೀಮೆಯಲ್ಲಿ ಸರ್ವರೂ ಕಂಡಿರುವ ಸಂಗತಿಯೇ ಆಗಿದೆ. ಸದಾ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಮಿಕ್ಕು ಕೊರೆದ ಕೊಳವೆಬಾವಿಗಳು ಅನೇಕವಿರುತ್ತವೆ. ಅಷ್ಟು ಆಳದಿಂದ ಎತ್ತಿದ ನೀರನ್ನು ಹಿತ್ತಲಿನ ಸೊಪ್ಪಿಗೆ ಧಾರಾಳವಾಗಿ ಸುರಿಯಲು ಯಾವ ಗೃಹಸ್ಥನಿಗೂ ಮನಸ್ಸು ಬಾರದು. ಇದರ ಫಲವಾಗಿ, ತರಕಾರಿ ಕೊಳ್ಳುವ ಶಕ್ತಿಯಿಲ್ಲದ ಮನೆಗಳಲ್ಲಿ ಬೇಸಗೆಯ ಕಾಲದಲ್ಲಿ ಮಕ್ಕಳ ತಟ್ಟೆಗೆ ಸೊಪ್ಪು ಬೀಳುವುದೇ ಅಪರೂಪವಾಗುತ್ತದೆ. ಈ ಕೊರತೆಯನ್ನು ವಿಧಿಯೆಂದು ಒಪ್ಪಿಕೊಳ್ಳಬೇಕಾದುದಿಲ್ಲವೆಂಬುದೇ ನನ್ನ ಅಭಿಪ್ರಾಯ. ಗ್ರಾಮದ ಯಜಮಾನರೂ ಹಿಡುವಳಿದಾರರೂ ಮುಂದೆ ಹೇಳುವ ವಿಧಾನವನ್ನು ಮನಸ್ಸಿಟ್ಟು ಪರಿಶೀಲಿಸಬೇಕಾಗಿ ಪ್ರಾರ್ಥಿಸುತ್ತೇನೆ.

ದೀಪದ ಬತ್ತಿಯು ಕೆಳಗಿನ ಎಣ್ಣೆಯನ್ನು ತಾನಾಗಿ ಮೇಲಕ್ಕೆಳೆಯುವಂತೆ ಮಣ್ಣೂ ತನ್ನ ಕೆಳಗಿನ ನೀರನ್ನು ಮೇಲಕ್ಕೆಳೆಯುವುದು. ಆಸ್ಟ್ರೇಲಿಯಾ ದೇಶದ ಕಾಲಿನ್ ಆಸ್ಟಿನ್ ಎಂಬ ಎಂಜಿನಿಯರರು ಪ್ರಚಾರಕ್ಕೆ ತಂದ ಪಾತಿಯ ತತ್ತ್ವವು ಇಷ್ಟೇ. ನೀರನ್ನು ಮೇಲಿನಿಂದ ಹಾಯಿಸಿದರೆ ಬಹುಭಾಗ ಬಿಸಿಲಿನ ಪಾಲಾಗುತ್ತದೆ. ಕೆಳಗೆ ಮುಚ್ಚಿಟ್ಟರೆ ಬೇರಿನ ಪಾಲಾಗುತ್ತದೆ.

ಕಟ್ಟುವ ಕ್ರಮವು ಹೀಗೆ. ನೆಲದ ಮೇಲೆ 6 ಅಡಿ ಉದ್ದ, 3 ಅಡಿ ಅಗಲ, 22 ಅಂಗುಲ ಎತ್ತರವಾಗಿ ಇಟ್ಟಿಗೆಯ ಅಥವಾ ಕಲ್ಲಿನ ತೊಟ್ಟಿಯನ್ನು ಕಟ್ಟಿ, ಒಳಗೆ ದಪ್ಪನೆಯ ಪ್ಲಾಸ್ಟಿಕ್ ಹಾಳೆಯನ್ನು ಹಾಸತಕ್ಕದ್ದು. ಅದರಲ್ಲಿ 8 ಅಂಗುಲ ಎತ್ತರಕ್ಕೆ ಜಲ್ಲಿಯನ್ನಾಗಲಿ ಒಡೆದ ಹೆಂಚಿನ ಚೂರನ್ನಾಗಲಿ ತುಂಬಬೇಕು. ನೀರು ಹೊಯ್ಯಲು ಮೂಲೆಯಲ್ಲಿ ಒಂದು ಕೊಳವೆಯನ್ನು ತಳದವರೆಗೆ ನಿಲ್ಲಿಸಬೇಕು. ಜಲ್ಲಿಯು ತಾನಾಗಿ ನೀರನ್ನು ಮೇಲಕ್ಕೆ ಎಳೆಯಲಾರದು; ಆದಕಾರಣ ನಾಲ್ಕು ಕಡೆ ಗೇಣಗಲದ ಗುಳಿಗಳನ್ನು ಬಿಟ್ಟು, ಅವುಗಳಲ್ಲಿ ಮಣ್ಣು ತಳವನ್ನು ಮುಟ್ಟುವಂತೆ ತುಂಬಬೇಕು. ಇವೇ ಪಾತಿಯ ಬತ್ತಿಗಳು. ಉಳಿದ ಜಲ್ಲಿಯ ಮೇಲೆ ಹಳೆಯ ಬಟ್ಟೆಯನ್ನು ಹಾಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣನ್ನು 1 ಅಡಿಯಷ್ಟು ಹರಡಬೇಕು. ಅದಕ್ಕಿಂತ ಹೆಚ್ಚು ಮಣ್ಣು ಹಾಕಿದರೆ ತೇವವು ಮೇಲಕ್ಕೆ ಸಾಕಷ್ಟು ಏರದು.

ಕೆರೆಗೆ ಇರುವಂತೆ ಈ ಪಾತಿಗೂ ಕೋಡಿ ಬೇಕು, ತೂಬು ಬೇಕು. ಜಲ್ಲಿಯ ಮೇಲ್ಮಟ್ಟದಲ್ಲಿ ಹೊರಕ್ಕೆ ಒಂದು ರಂಧ್ರವಿರುವುದು ಕೋಡಿ. ತಳದಲ್ಲಿ ಬಿರಡೆ ಹಾಕಿದ ರಂಧ್ರವೇ ತೂಬು. ನಾನು ಮೊದಲು ಕಟ್ಟಿಸಿದ ಪಾತಿಯಲ್ಲಿ ಕೋಡಿಯನ್ನು ಮೂರು ಅಂಗುಲ ಎತ್ತರಕ್ಕೆ ಇಡಿಸಿದ್ದೆನು. ನೀರು ಹೆಚ್ಚು ನಿಲ್ಲುವುದು ಲಾಭವೆಂದು ಎಣಿಸಿದ್ದೆನು. ಮುಂಗಾರಿನ ಎರಡು ಮಳೆಗೆ ಬೇರು ಕೊಳೆತು, ಕಾಯಿ ಹಿಡಿದಿದ್ದ ಟೊಮೇಟೊ ಗಿಡಗಳೆಲ್ಲ ಬಾಡಿಹೋದುವು. ದೋಷವು ಪದ್ಧತಿಯದಲ್ಲ, ನನ್ನದೇ ಆಗಿತ್ತು.

ಇಂಥ ಪಾತಿಯ ತಳದಲ್ಲಿ ಸುಮಾರು 100 ಲೀಟರು ನೀರು ನಿಲ್ಲುತ್ತದೆ. ಕಡುಬೇಸಗೆಯಲ್ಲೂ ಒಂದು ವಾರಕ್ಕೆ ಇದು ಸಾಲುವುದು. ಬೀಜ ಬಿತ್ತಿದಾಗ ಮಾತ್ರ ಬೇರು ಇಳಿಯುವವರೆಗೆ ಮೇಲಿನಿಂದ ಚಿಮುಕಿಸಬೇಕು.

ಪಾತಿಗಳು ಕೆಡುವುದು ಹೆಚ್ಚಾಗಿ ಕಟ್ಟಿದ ಮೇಲೆಯೇ. ಕೊಳವೆಬಾವಿಯ ನೀರಿನಲ್ಲಿರುವ ಲವಣವು ತೇವದೊಡನೆ ಮೇಲಕ್ಕೇರಿ, ನೀರು ಆರಿದ ತರುವಾಯ ಮಣ್ಣಿನ ಮೇಲೆ ಬಿಳಿಯ ಪೊರೆಯಾಗಿ ನಿಲ್ಲುತ್ತದೆ. ಆದುದರಿಂದ ಮಳೆಗಾಲದಲ್ಲಿ ತೂಬನ್ನು ತೆರೆದು, ಮಳೆಯ ನೀರು ಮೇಲಿನಿಂದ ಹರಿದು ಲವಣವನ್ನು ತೊಳೆಯುವಂತೆ ಮಾಡತಕ್ಕದ್ದು. ಕೊಳವೆಯ ಬಾಯಿಗೆ ಬಟ್ಟೆ ಕಟ್ಟದಿದ್ದರೆ ಸೊಳ್ಳೆಗಳು ಮೊಟ್ಟೆಯಿಡುವುವು. ಮಣ್ಣಿನ ಮೇಲೆ ತರಗೆಲೆಯನ್ನೋ ಹುಲ್ಲನ್ನೋ ಹೊದಿಸಬೇಕು; ಹಸಿಯ ಸಗಣಿಯನ್ನು ತಳದ ನೀರಿಗೆ ಎಂದಿಗೂ ಸೇರಿಸಕೂಡದು. ಪ್ರತಿ ಬೆಳೆಯ ನಂತರ ಹೊಸ ಗೊಬ್ಬರವನ್ನು ಮೇಲಿನಿಂದ ಕೊಡಬೇಕು.

ಹನಿ ನೀರಾವರಿಯಿರುವಾಗ ಇದೇಕೆ ಎಂದು ಕೆಲವರು ಕೇಳುವುದುಂಟು. ಹೊಲಕ್ಕೆ ಹನಿ ನೀರಾವರಿಯೇ ತಕ್ಕುದು. ಬತ್ತಿಪಾತಿಯು ಹೊಲಕ್ಕೆಂದು ನಾನು ಹೇಳಲಾರೆನು. ಆದರೆ ಪಂಪೂ ವಿದ್ಯುತ್ತೂ ಇಲ್ಲದ ಮನೆಯಲ್ಲಿ, ದಿನಕ್ಕೊಂದು ಕೊಡ ನೀರನ್ನು ಮಾತ್ರ ಉಳಿಸಬಲ್ಲ ಗೃಹಿಣಿಗೆ ಇದು ಅನುಕೂಲವಾದುದು. ಖರ್ಚಿನ ಆಕ್ಷೇಪಣೆಯೂ ಸುಳ್ಳಲ್ಲ. ಇಟ್ಟಿಗೆ, ಹಾಳೆಗಳ ಖರ್ಚು ಕೂಲಿಯವನಿಗೆ ಭಾರವೇ ಸರಿ. ಇಲ್ಲಿಯೇ ಭೂಮಾಲೀಕರ ಕರ್ತವ್ಯವಿರುವುದು. ಮನೆ ಕಟ್ಟಿ ಮಿಕ್ಕ ಇಟ್ಟಿಗೆ, ಒಡೆದ ಹೆಂಚು, ಹಿತ್ತಲಿಲ್ಲದವನಿಗೆ ಒಂದು ತುಂಡು ಜಾಗ, ಇವನ್ನು ಕೊಟ್ಟರೆ ತಮಗೆ ನಷ್ಟವಿಲ್ಲ. ಅವನ ಮನೆಗೆ ಬೇಸಗೆಯ ಸೊಪ್ಪು ದೊರೆಯುತ್ತದೆ.

ಆದರೂ ಊರಿನಲ್ಲಿ ಒಮ್ಮೆಗೆ ಇಪ್ಪತ್ತು ಪಾತಿಗಳನ್ನು ಕಟ್ಟಿಸುವುದು ನನಗೆ ಸಮ್ಮತವಲ್ಲ. ಮೊದಲು ಯಜಮಾನರು ತಮ್ಮ ಹಿತ್ತಲಲ್ಲೇ ಒಂದನ್ನು ಕಟ್ಟಿ, ಒಂದು ಬೇಸಗೆಯನ್ನೂ ಒಂದು ಮಳೆಗಾಲವನ್ನೂ ಕಳೆಯಿಸಲಿ. ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಉಳಿದಿದೆ. ಆದರೆ ಕೆರೆಯನ್ನು ಉಳಿಸಿದವನು ದಿನವೂ ತೂಬನ್ನು ನೋಡುತ್ತಿದ್ದ ನೀರಗಂಟಿ. ಪಾತಿಗೂ ಅಂಥ ಒಬ್ಬರು ಮನೆಯಲ್ಲಿರುವರೋ ಎಂಬುದನ್ನು ಮೊದಲು ವಿಚಾರಿಸಿ, ಆಮೇಲೆ ಇಟ್ಟಿಗೆಯನ್ನು ತರಿಸಬೇಕಾಗಿ ವಿಜ್ಞಾಪಿಸಿಕೊಳ್ಳುತ್ತೇನೆ.