ಹಲಸಿನ ಬೀಜ ತಿಪ್ಪೆಗೇಕೆ?



‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆ ನಮಗೆಲ್ಲ ಗೊತ್ತು. ಹಸಿದ ಹೊಟ್ಟೆಯನ್ನು ತುಂಬುವ ಶಕ್ತಿ ಹಲಸಿಗಿದೆ ಎಂಬುದನ್ನು ಹಿರಿಯರು ಅರಿತಿದ್ದರು. ಆದರೆ ನಮ್ಮ ಜತ್ತ ತಾಲೂಕಿನ ಮನೆಗಳಲ್ಲಿ ಹಲಸು, ಅಂದರೆ ನಾವು ಫಣಸ ಎಂದು ಕರೆಯುವ ಹಣ್ಣು, ಬೇಸಿಗೆಯಲ್ಲಿ ಒಂದೆರಡು ಸಲ ಮಕ್ಕಳ ಬಾಯಿ ಸಿಹಿ ಮಾಡಲು ತರುವ ವಸ್ತು ಮಾತ್ರವಾಗಿದೆ. ಕೊಂಕಣದಿಂದ ಘಾಟು ಹತ್ತಿ ಬಂದ ಹಣ್ಣನ್ನು ಕೊಳ್ಳುತ್ತೇವೆ, ತೊಳೆ ತಿನ್ನುತ್ತೇವೆ, ಬೀಜವನ್ನು ತಿಪ್ಪೆಗೆ ಎಸೆಯುತ್ತೇವೆ. ಎಳೆಯ ಕಾಯಿಯನ್ನು ತಂದು ಪಲ್ಲೆ ಮಾಡುವವರಂತೂ ಬಲು ವಿರಳ. ಕೇಳಿದರೆ ‘ಅದು ನಮ್ಮ ಕಡೆಯ ಅಡಿಗೆಯಲ್ಲ’ ಎನ್ನುತ್ತಾರೆ. ಇನ್ನು ಕೆಲವರು ‘ಬೀಜ ಬೇಯಿಸಿ ತಿನ್ನುವುದು ಏನೂ ಇಲ್ಲದವರ ಊಟ’ ಎನ್ನುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಯಾಕೆಂಬುದನ್ನು ತಿಳಿಯಲು ಸ್ವಲ್ಪ ದೂರದ ದೇಶದ ಸಂಗತಿಯನ್ನು ನೋಡೋಣ.

ಹಲಸಿಗೆ ಒಬ್ಬ ತಮ್ಮನಿದ್ದಾನೆ. ಮಂಗಳೂರು, ಕಾಸರಗೋಡಿನ ಜನ ಅವನನ್ನು ಜೀಗುಜ್ಜೆ ಎನ್ನುತ್ತಾರೆ. ದೀವಿ ಹಲಸು, ಬೇರು ಹಲಸು ಎಂಬ ಹೆಸರುಗಳೂ ಉಂಟು. ಮರಾಠಿಯಲ್ಲಿ ನೀರಫಣಸ. ಕಾಯಿ ತೆಂಗಿನಕಾಯಿಯಷ್ಟು ದೊಡ್ಡದು. ಸಾಮಾನ್ಯವಾಗಿ ಬೀಜವಿರುವುದಿಲ್ಲ. ಬೇಯಿಸಿದರೆ ಬಟಾಟೆಯಂತೆ ಮೆತ್ತಗಾಗುತ್ತದೆ. ಇದರ ತವರು ಪೆಸಿಫಿಕ್ ಸಾಗರದ ದ್ವೀಪಗಳು. ಅಲ್ಲಿಂದ ಇದನ್ನು ಅಮೆರಿಕಾ ಖಂಡದ ಕೆರಿಬಿಯನ್ ದ್ವೀಪಗಳಿಗೆ ಒಯ್ದವರು ಇಂಗ್ಲಿಷರು. ಆ ದ್ವೀಪಗಳಲ್ಲಿ ಅವರ ಕಬ್ಬಿನ ತೋಟಗಳಿದ್ದವು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅಲ್ಲಿ ಕಬ್ಬು ಕಡಿಯುತ್ತಿದ್ದರು. ಅವರಿಗೆ ಅಗ್ಗದಲ್ಲಿ ಹೊಟ್ಟೆ ತುಂಬುವ ಆಹಾರ ಬೇಕೆಂದು ತೋಟದ ಧಣಿಗಳು ಕೇಳಿಕೊಂಡರು. ವಿಲಿಯಂ ಬ್ಲೈ ಎಂಬ ಕಪ್ತಾನ ಸಾವಿರಕ್ಕೂ ಹೆಚ್ಚು ಸಸಿಗಳನ್ನು ಹಡಗಿಗೆ ತುಂಬಿಕೊಂಡು ಹೊರಟ. 1789ರಲ್ಲಿ ಅವನ ನಾವಿಕರೇ ದಂಗೆಯೆದ್ದು ಸಸಿಗಳನ್ನು ಸಮುದ್ರಕ್ಕೆ ಎಸೆದರು. ಅವನು ಎರಡನೆಯ ಸಲ ಹೋಗಿ 1793ರಲ್ಲಿ ಸೇಂಟ್ ವಿನ್ಸೆಂಟ್ ಮತ್ತು ಜಮೈಕಾ ದ್ವೀಪಗಳಿಗೆ ಸಸಿ ಮುಟ್ಟಿಸಿದ.

ಗಿಡಗಳೇನೋ ಚೆನ್ನಾಗಿ ಬೆಳೆದವು. ಆದರೆ ದುಡಿಯುವ ಜನ ಅದನ್ನು ಮನಸ್ಸಿಟ್ಟು ತಿನ್ನಲಿಲ್ಲ. ತಮಗೆ ರೂಢಿಯಿದ್ದ ಬಾಳೆಕಾಯಿ, ಗೆಣಸುಗಳೇ ಅವರಿಗೆ ಬೇಕಿದ್ದವು. ಬಹುಕಾಲ ಈ ಕಾಯಿ ಹಂದಿಗಳ ಮೇವಾಯಿತು. ಧಣಿ ಖರ್ಚು ಉಳಿಸಲು ಹಾಕಿದ ಊಟ ಯಾರಿಗೆ ರುಚಿಸೀತು? ಕಬ್ಬಿನ ಟೋಳಿಗಳಲ್ಲಿ ಮನೆಮಂದಿಯೊಡನೆ ಹೋಗಿ ತಿಂಗಳುಗಟ್ಟಲೆ ದುಡಿದು ಬರುವ ನಮ್ಮ ತಾಲೂಕಿನ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ 1838ರ ಹೊತ್ತಿಗೆ ಆ ದ್ವೀಪಗಳಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡಿತು. ಕಾಲಕ್ರಮದಲ್ಲಿ ಅದೇ ಜನರ ಮಕ್ಕಳು, ಮೊಮ್ಮಕ್ಕಳು ಅದೇ ಕಾಯಿಯನ್ನು ತಮ್ಮದಾಗಿ ಮಾಡಿಕೊಂಡರು. ಜಮೈಕಾದಲ್ಲಿ ಇಡೀ ಕಾಯಿಯನ್ನು ಕೆಂಡದ ಮೇಲಿಟ್ಟು ಸಿಪ್ಪೆ ಕಪ್ಪಾಗುವ ತನಕ ಸುಡುತ್ತಾರೆ. ನಾವು ಬದನೆಕಾಯಿ ಸುಟ್ಟಂತೆಯೇ. ಸಿಪ್ಪೆ ಕೆತ್ತಿ, ಹೋಳು ಮಾಡಿ, ಉಪ್ಪುಮೀನಿನ ಪಲ್ಲೆಯೊಡನೆ ತಿನ್ನುತ್ತಾರೆ. ಗ್ರೆನಡಾ ದ್ವೀಪದಲ್ಲಿ ಕಾಯಿಯ ಹೋಳು, ಉಪ್ಪು ಹಾಕಿದ ಮಾಂಸ, ಸೊಪ್ಪು, ಅರಿಷಿಣ ಎಲ್ಲವನ್ನೂ ತೆಂಗಿನ ಹಾಲಿನಲ್ಲಿ ಹಾಕಿ, ಹಾಲೆಲ್ಲ ಇಂಗಿ ಎಣ್ಣೆ ಬಿಡುವ ತನಕ ಬೇಯಿಸುತ್ತಾರೆ. ಇದು ಆ ದೇಶದ ರಾಷ್ಟ್ರೀಯ ಅಡಿಗೆ. ಸೇಂಟ್ ವಿನ್ಸೆಂಟಿನಲ್ಲಿ ಸುಟ್ಟ ಜೀಗುಜ್ಜೆ ಮತ್ತು ಹುರಿದ ಮೀನಿಗೆ ಅದೇ ಗೌರವ. ಹಂದಿಗೆ ಹಾಕುತ್ತಿದ್ದ ಕಾಯಿ ಈಗ ಅತಿಥಿಗಳ ತಟ್ಟೆಯಲ್ಲಿದೆ.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. 1845ರಿಂದ ನಮ್ಮ ದೇಶದ ಬಡ ಕೂಲಿಕಾರರನ್ನು ಕರಾರಿನ ಮೇಲೆ ಟ್ರಿನಿಡಾಡ್ ದ್ವೀಪದ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ಒಯ್ದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಅಲ್ಲಿ ಅವರ ಕಣ್ಣಿಗೆ ಜೀಗುಜ್ಜೆಯ ಜಾತಿಯ, ಆದರೆ ಬೀಜವಿರುವ ಒಂದು ಕಾಯಿ ಬಿತ್ತು. ಊರಿನ ಹಲಸನ್ನು ನೆನೆದು ಅದನ್ನು ‘ಕಟಹರ್’ ಎಂದೇ ಕರೆದರು. ಅರಿಷಿಣ, ಜೀರಿಗೆ, ಮೆಣಸಿನಕಾಯಿ ಹಾಕಿ ಬೀಜಸಮೇತ ಪಲ್ಲೆ ಮಾಡಿದರು. ಇಂದಿಗೂ ಅಲ್ಲಿ ಮದುವೆ, ಪೂಜೆಗಳ ಊಟದಲ್ಲಿ ಅದು ಇರುತ್ತದೆ. ಏಳು ಸಮುದ್ರ ದಾಟಿ ಹೋದವರು ಹಲಸಿನ ಬೀಜವನ್ನು ಮರೆಯಲಿಲ್ಲ. ಹಲಸಿನ ತವರಾದ ಪಶ್ಚಿಮ ಘಟ್ಟದಿಂದ ಅಷ್ಟೇನೂ ದೂರವಿಲ್ಲದ ನಾವು ಮರೆತಿದ್ದೇವೆ!

ಅಡಿಗೆಮನೆಯಲ್ಲಿ

ಕರಾವಳಿಯ ತಾಯಂದಿರನ್ನು ನೋಡಿ ಕಲಿಯುವುದು ಬಹಳವಿದೆ. ಅಲ್ಲಿ ಎಳೆಯ ಹಲಸಿಗೆ ಗುಜ್ಜೆ ಎನ್ನುತ್ತಾರೆ. ಅದರ ಪಲ್ಯವಾಗುತ್ತದೆ. ಬಲಿತ ಕಾಯಿಯಿಂದ ಹಪ್ಪಳವಾಗುತ್ತದೆ. ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲಕ್ಕೆ ತರಕಾರಿ ಸಿದ್ಧ. ಹಣ್ಣಿನಿಂದ ಕಡುಬು, ಎಲೆಯಿಂದ ಕಡುಬಿನ ಕೊಟ್ಟೆ. ಬೀಜವನ್ನು ಮಣ್ಣು ಸವರಿ ಇಟ್ಟು ಆಟಿ ತಿಂಗಳ ತನಕ ಬಳಸುತ್ತಾರೆ. ಜೀಗುಜ್ಜೆಯ ತೆಳು ಹೋಳಿಗೆ ಕಡಲೆಹಿಟ್ಟು ಹಚ್ಚಿ ಕರಿದ ಪೋಡಿ ಅಲ್ಲಿ ಮನೆಮಾತು.

ನಮ್ಮಲ್ಲಿ ಇಷ್ಟೆಲ್ಲ ಬೇಕಿಲ್ಲ. ಎರಡು ಅಡಿಗೆ ಸಾಕು.

ಮೊದಲನೆಯದು ಬೀಜದ ಪಲ್ಲೆ. ಇಪ್ಪತ್ತು ಬೀಜ ತೊಳೆದು, ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿರಿ. ಆರಿದ ಮೇಲೆ ಮೇಲಿನ ಬಿಳಿ ಸಿಪ್ಪೆ ತೆಗೆಯಿರಿ. ಒಳಗಿನ ಕಂದು ಪೊರೆ ಇದ್ದರೂ ನಡೆಯುತ್ತದೆ. ಒಂದೊಂದನ್ನು ಎರಡು ಹೋಳು ಮಾಡಿ. ಒಂದು ಉಳ್ಳಾಗಡ್ಡಿ, ನಾಲ್ಕು ಎಸಳು ಬಳ್ಳೊಳ್ಳಿಯ ಒಗ್ಗರಣೆಗೆ ಹಾಕಿ, ಮಸಾಲೆ ಖಾರ ಮತ್ತು ಎರಡು ಚಮಚ ಶೇಂಗಾ ಪುಡಿ ಬೆರೆಸಿ, ಸ್ವಲ್ಪ ನೀರು ಹಾಕಿ ಕುದಿಸಿರಿ. ಜೋಳದ ರೊಟ್ಟಿಗೆ ಇದರಂಥ ಜೋಡಿಯಿಲ್ಲ. ಅಷ್ಟೂ ಪುರುಸೊತ್ತಿಲ್ಲದವರು ಬೀಜವನ್ನು ಒಲೆಯ ಕೆಂಡದಲ್ಲಿ ಸುಟ್ಟು ಮಕ್ಕಳಿಗೆ ಕೊಡಬಹುದು. ಸುಡುವ ಮೊದಲು ಬೀಜಕ್ಕೆ ಒಂದು ಗಾಯ ಮಾಡಿರಿ, ಇಲ್ಲದಿದ್ದರೆ ಸಿಡಿಯುತ್ತದೆ.

ಎರಡನೆಯದು ಎಳೆಕಾಯಿಯ ಪಲ್ಲೆ. ಕೈಗೂ ಚಾಕುವಿಗೂ ಎಣ್ಣೆ ಸವರಿಕೊಳ್ಳಿ, ಇಲ್ಲವಾದರೆ ಅಂಟು ಬಿಡುವುದಿಲ್ಲ. ಮುಳ್ಳಿನ ಸಿಪ್ಪೆ ಕೆತ್ತಿ, ನಡುವಿನ ದಿಂಡು ತೆಗೆದು, ಹೋಳುಗಳನ್ನು ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿದರೆ ಕಪ್ಪಾಗುವುದಿಲ್ಲ. ಅರಿಷಿಣ, ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಮಾಂಸಕ್ಕೆ ಅರೆಯುವ ಒಣಕೊಬ್ಬರಿ ಮಸಾಲೆಯನ್ನೇ ಅರೆದು ಹಾಕಿರಿ. ಎಳೆಕಾಯಿ ಬರುವುದು ತಪಸ್ಸು ಕಾಲದ ಆಸುಪಾಸಿನಲ್ಲೇ. ಶುಕ್ರವಾರ ಮಾಂಸವಿಲ್ಲವೆಂದು ಮುಖ ಸಣ್ಣ ಮಾಡುವವರಿಗೆ ಇದನ್ನು ಬಡಿಸಿ ನೋಡಿರಿ.

ಸಿಪ್ಪೆ, ಎಲೆ ಕೂಡ ವ್ಯರ್ಥವಲ್ಲ. ಆಡುಗಳಿಗೂ ನಮ್ಮ ಮಾಡಗ್ಯಾಳ ಕುರಿಗಳಿಗೂ ಅದು ಪ್ರಿಯ. ಆದರೆ ಹಣ್ಣಾದ ಭಾಗವನ್ನು ಒಮ್ಮೆಲೇ ಬಹಳ ಹಾಕಿದರೆ ಹೊಟ್ಟೆ ಉಬ್ಬೀತು, ಎಚ್ಚರ.

ಆರೋಗ್ಯದ ಮಾತು

ಹಲಸು ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ಈಚೆಗೆ ಮೊಬೈಲಿನಲ್ಲಿ ಓಡಾಡುವ ಸಂದೇಶಗಳನ್ನು ನಂಬಬೇಡಿ. ಸತ್ಯಾಂಶ ಇಷ್ಟು: 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಆಂಧ್ರದ ಶ್ರೀಕಾಕುಳಂನಲ್ಲಿ 40 ಮಂದಿ ಸಕ್ಕರೆ ಕಾಯಿಲೆಯವರ ಪೈಕಿ ಅರ್ಧ ಜನರಿಗೆ ದಿನಕ್ಕೆ 30 ಗ್ರಾಂ ಹಲಸಿನ ಕಾಯಿಯ ಹಿಟ್ಟನ್ನು ಅಷ್ಟೇ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲಿಗೆ ಕೊಟ್ಟರು. 12 ವಾರಗಳಲ್ಲಿ ರಕ್ತದ ಸಕ್ಕರೆ ಕೆಲಮಟ್ಟಿಗೆ ತಗ್ಗಿತು. ಅವರು ತಿಂದದ್ದು ಕಾಯಿಯ ಹಿಟ್ಟು, ಹಣ್ಣಲ್ಲ. ತಿಂದದ್ದು ಊಟದ ಬದಲಿಗೆ, ಊಟದ ಮೇಲಲ್ಲ. ಸಿಹಿ ತೊಳೆ ತಿಂದು ಗುಳಿಗೆ ನಿಲ್ಲಿಸಿದವನಿಗೆ ಹಾನಿ ಖಂಡಿತ. ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಹಲಸು ಮುಟ್ಟಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಜೋಳ, ಸಜ್ಜೆ ಬಿಟ್ಟು ಹಲಸು ಹಿಡಿಯಿರಿ ಎಂದೂ ನಾವು ಹೇಳುವುದಿಲ್ಲ. ನಮ್ಮ ರೊಟ್ಟಿ ನಮಗಿರಲಿ, ಅದರ ಪಕ್ಕದಲ್ಲಿ ಈ ಪಲ್ಲೆಯಿರಲಿ.

ಹೊಲದಲ್ಲಿ

ಹಾಗಾದರೆ ಗಿಡ ನೆಡಬಹುದೇ? ಇಲ್ಲಿ ನಮ್ಮ ಸಲಹೆ ಕಟ್ಟುನಿಟ್ಟು. ಬಣ್ಣದ ಕರಪತ್ರ ಹಿಡಿದು ಬಂದವರ ಮಾತು ಕೇಳಿ, ಸಾಲ ಮಾಡಿ, ಎಕರೆಗಟ್ಟಲೆ ಹೊಸ ಬೆಳೆ ಹಾಕಿ ಕಣ್ಣೀರು ಸುರಿಸಿದ ಕುಟುಂಬಗಳು ನಮ್ಮ ನಡುವೆ ಇವೆ. ಜೀಗುಜ್ಜೆಗೆ ವರ್ಷಕ್ಕೆ 1500 ಮಿಲಿಮೀಟರಿನಷ್ಟು ಮಳೆ ಮತ್ತು ಕರಾವಳಿಯ ತೇವದ ಗಾಳಿ ಬೇಕು. ನಮ್ಮಲ್ಲಿ ಬೀಳುವುದು ಸುಮಾರು 500, ಅದೂ ನಂಬಿಕೆಯಿಲ್ಲದ ಮಳೆ. ಮ್ಹೈಸಾಳ ಯೋಜನೆಯ ನೀರಿಗಾಗಿ ಪೂರ್ವ ಭಾಗದ ಹಳ್ಳಿಗಳು ವರ್ಷಗಟ್ಟಲೆ ಕೂಗಿಡಬೇಕಾಯಿತು. ಆದ್ದರಿಂದ ಜೀಗುಜ್ಜೆಯ ಸಸಿಗೆ ಇಲ್ಲಿ ಒಂದು ರೂಪಾಯಿಯನ್ನೂ ಹಾಕಬೇಡಿ.

ಹಲಸಿನ ಮಾತು ಬೇರೆ. ಕೋಲಾರ, ತುಮಕೂರಿನ ಬಯಲುಸೀಮೆಯಲ್ಲೂ ಅದು ಬೆಳೆಯುತ್ತದೆ. ತುಮಕೂರು ಜಿಲ್ಲೆ ಗುಬ್ಬಿ ತಾಲೂಕಿನ ಚೇಳೂರಿನ ರೈತ ಪರಮೇಶ ಅವರ ತಂದೆ ನೆಟ್ಟ ಒಂದು ಮರದ ಹಣ್ಣಿನ ತೊಳೆ ಕೆಂಪು ತಾಮ್ರದ ಬಣ್ಣ. ಹಣ್ಣು ಎರಡೂವರೆ ಕಿಲೋ ಆಸುಪಾಸು, ಒಂದು ಸಂಸಾರಕ್ಕೆ ಸರಿಯಾದ ಅಳತೆ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಅವರೊಡನೆ ಒಪ್ಪಂದ ಮಾಡಿಕೊಂಡು, ಅದರ ಕಸಿ ಗಿಡಗಳನ್ನು ‘ಸಿದ್ದು’ ಎಂಬ ಹೆಸರಿನಲ್ಲಿ ಬೆಳೆಸಿ ಮಾರತೊಡಗಿತು. ಆದಾಯದ ದೊಡ್ಡ ಪಾಲು ಆ ರೈತರಿಗೆ. ಹಿತ್ತಲಿನ ಮರವನ್ನು ಕಡೆಗಣಿಸದ ಮನೆಗೆ ಸಿಕ್ಕ ಫಲವಿದು.

ನಮ್ಮಲ್ಲಿ ನೀರು ನಿಲ್ಲುವ ಕರಿ ಎರೆ ಭೂಮಿ ಹಲಸಿಗೆ ಆಗದು. ಮುರುಮು ಮಣ್ಣಿನ ಹಿತ್ತಲಿದ್ದು, ಬಚ್ಚಲ ನೀರು ಹರಿದು ಹೋಗುವ ಬದಿಯಿದ್ದರೆ, ಮನೆಗೊಂದು ಕಸಿ ಗಿಡ ನೆಡಿರಿ. ಮೊದಲ ಮೂರು ಬೇಸಿಗೆ ಕೊಡ ನೀರು ಹಾಕಿ ಕಾಪಾಡಬೇಕು. ಒಂದೇ ಗಿಡ, ಮನೆಯ ಊಟಕ್ಕೆ. ಮಾರುಕಟ್ಟೆಯ ಆಸೆಗಲ್ಲ. ಬಾವಿ, ಹನಿ ನೀರಾವರಿ ಇದ್ದು ಮಾರಲೇಬೇಕೆನ್ನುವವರು ಹಲಸಿನ ಬಳಗದ್ದೇ ಆದ ಅಂಜೂರದ ಬಗ್ಗೆ ವಿಚಾರಿಸಲಿ. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ರೈತರು ಅದರಲ್ಲಿ ಹೆಸರು ಮಾಡಿದ್ದಾರೆ. ಹೋಗಿ ಕಣ್ಣಾರೆ ನೋಡಿ, ಖರ್ಚು ಕೇಳಿ, ಆಮೇಲೆ ನಿರ್ಧರಿಸಿ.

ಒಂದು ಕಾಳನ್ನೂ ಚೆಲ್ಲದೆ ಬರಗಾಲಗಳನ್ನು ದಾಟಿದ ಹಿರಿಯರ ಮಕ್ಕಳು ನಾವು. ಬಡವರು ತಿಂದರು ಎಂಬ ಕಾರಣಕ್ಕೆ ಯಾವ ಆಹಾರವೂ ಕೀಳಾಗುವುದಿಲ್ಲ. ಮುಂದಿನ ಬೇಸಿಗೆಯಲ್ಲಿ ಮನೆಗೆ ಫಣಸ ತಂದಾಗ ಬೀಜವನ್ನು ತೊಳೆದು, ನೆರಳಿನಲ್ಲಿ ಆರಿಸಿ ಇಡಿರಿ. ಒಂದು ಹಣ್ಣಿಗೆ ಕೊಟ್ಟ ಹಣದಲ್ಲಿ ಎರಡು ಹೊತ್ತಿನ ಪಲ್ಲೆಯೂ ಬಂದಂತಾಯಿತು. ತರಕಾರಿಯ ಬೆಲೆ ಏರುವ ಆ ದಿನಗಳಲ್ಲಿ ಅದು ಸಣ್ಣ ಉಳಿತಾಯವೇನಲ್ಲ.